ಚನ್ನಮಲ್ಲಮ್ಮನ ಹೊಸ ಬಚ್ಚಲು

ಮನೆ ಬರೆದುಕೊಡುತ್ತೇನೆ ಅಂದಿದ್ದನ್ನಾದರೂ ಷಡಕ್ಷರಿ ಹೇಗೋ ನುಂಗಿಕೊಳ್ಳುತ್ತಿದ್ದ. ಆ ಪತ್ರಕ್ಕೆ ಸಾಕ್ಷಿ ಹಾಕಲು ಸೋದರತ್ತೆ ತನ್ನನ್ನೇ ಕರೆದದ್ದು ಮಾತ್ರ ಗಂಟಲಲ್ಲಿ ಮುಳ್ಳಾಗಿ ನಿಂತಿತು.

“ದೀಪಾವಳಿ ಕಳದ್ ಸ್ವಾಮಾರ ರಿಜಿಸ್ಟ್ರಿ ಮಾಡ್ಸ್‌ಬುಡ್ತೀನಿ ಕಣ್ಲಾ,” ಎಂದಿದ್ದಳು ಚನ್ನಮಲ್ಲಮ್ಮ, ಅವರೆಕಾಯಿ ಸುಲಿಯುತ್ತಾ. “ಲೊಕ್ಕನಳ್ಳಿ ಕಡೆಯಿಂದ ಕಾಲೇಜಿಗ್ ಬರೋ ಎಣ್ಣೈಕ್ಳು ಬಸ್ಸು ಕಾಯ್ಕಂಡೇ ಸಾಯ್ತವೆ. ಈ ಮನೆ ಅವುಕೆ ಆಸ್ಟ್ಲಾಗ್ಲಿ. ಸಾಕ್ಷಿ ಸೈನು ನೀನೇ ಆಕು ಮಗಾ. ನಂಗಿನ್ಯಾರವ್ರೆ?”

ಯಳಂದೂರಿನ ಮುಖ್ಯರಸ್ತೆಗೆ ಎದೆಯೊಡ್ಡಿ ನಿಂತ ಆ ಮನೆಯನ್ನು ಷಡಕ್ಷರಿಯ ತಾತ, ಗಂಡನನ್ನು ಕಳೆದುಕೊಂಡು ತವರಿಗೆ ಬಂದ ಮಗಳ ಪಾಲಿಗೆ ಬಿಟ್ಟುಹೋಗಿದ್ದ. ಆಕೆಗೆ ಮಕ್ಕಳಿಲ್ಲ. ಪತ್ರಗಿತ್ರ ಇಲ್ಲದೆ ಆಕೆ ತೀರಿಕೊಂಡರೆ ಮನೆ ತಾತನ ಒಬ್ಬನೇ ಮೊಮ್ಮಗನಾದ ಷಡಕ್ಷರಿಗೆ ಬರುತ್ತದೆ ಎಂದು ವಕೀಲರು ಹೇಳಿದ್ದರು. ಕೊಳ್ಳೇಗಾಲದಲ್ಲಿ ಷಡಕ್ಷರಿಯದು ಟೈಲ್ಸ್ ಅಂಗಡಿ. ಹಳೇ ಬಚ್ಚಲು, ಹಳೇ ಅಡುಗೆಮನೆ ಒಡೆದು ಹೊಸದು ಮಾಡಿಕೊಡುವುದರಲ್ಲಿ ಹನೂರಿನ ತನಕ ಹೆಸರು. ಎರಡನೇ ಶೋರೂಮು ಅತ್ತೆಯ ಜಗಲಿಯ ಜಾಗದಲ್ಲೇ ಎಂದು ಹತ್ತು ವರ್ಷದಿಂದ ಮನಸ್ಸಿನಲ್ಲೇ ಗಾಜಿನ ಬಾಗಿಲು ಕೂರಿಸಿ, ದೀಪ ಹಾಕಿ ನೋಡಿಕೊಂಡಿದ್ದ. ಒಂದು ಸೋಮವಾರ ಬಂದು ಅದನ್ನೆಲ್ಲ ಒರೆಸಿಹಾಕಲಿತ್ತು. ಎಪ್ಪತ್ತಾರರ ಹೆಂಗಸು ಆ ಸೋಮವಾರವನ್ನು ಕಾಣದೆ ಹೋದರೆ?

ಯೋಚನೆ ಬಂದದ್ದು ಕೈಕಾಲು ತೊಳೆಯಲು ಹಿತ್ತಿಲ ಬಚ್ಚಲಿಗೆ ಹೋದಾಗ. ಹೊಗೆ ಹಿಡಿದ ಗೋಡೆ, ಒಲೆಯ ಮೇಲೆ ತಾಮ್ರದ ಹಂಡೆ, ಕಾಲಿಗೆ ತರಿತರಿಯಾಗಿ ಸಿಗುವ ಚಪ್ಪಡಿ ಕಲ್ಲು. ಅರವತ್ತು ವರ್ಷ ಆ ಕಲ್ಲು ಒಬ್ಬರನ್ನೂ ಬೀಳಿಸಿರಲಿಲ್ಲ. ವಯಸ್ಸಾದವರಿರುವ ಮನೆಯ ಗಿರಾಕಿಗಳಿಗೆ ಷಡಕ್ಷರಿ ಹೇಳುವ ಬುದ್ಧಿಮಾತು ಬಾಯಿಪಾಠವಾಗಿತ್ತು: ನೆಲ ತರಿಯಾಗಿರಲಿ, ಗೋಡೆಗೆ ಹಿಡಿಕೆ ಇರಲಿ, ಹೊಸ್ತಿಲು ಬೇಡ, ಬಾಗಿಲು ಹೊರಕ್ಕೆ ತೆರೆಯಲಿ. ಇದಿಷ್ಟನ್ನೂ ತಿರುವಿ ಹಾಕಿದರೆ ಸಾಕಲ್ಲ! ವಿಷ ಬೇಡ, ಆಯುಧ ಬೇಡ, ಇನ್ನೊಬ್ಬನ ಕಿವಿಗೆ ಬೀಳುವುದೂ ಬೇಡ. ಬಚ್ಚಲಲ್ಲಿ ಜಾರಿಬಿದ್ದ ಮುದುಕಿಯ ಬಗ್ಗೆ ಯಾವ ಪೊಲೀಸು ಏನು ಕೇಳುತ್ತಾನೆ? ಪಾಪ, ಅಳಿಯ ಅಷ್ಟು ಮುತುವರ್ಜಿಯಿಂದ ಮಾಡಿಸಿಕೊಟ್ಟಿದ್ದ ಎಂದೇ ಊರು ಹೇಳುತ್ತದೆ.

“ಅತ್ತೆ, ಎಣ್ಣೈಕ್ಳು ಬಂದು ಇರೋ ಮನೆ ಇಂಗಿದ್ರಾದದಾ? ಬಚ್ಚಲು, ಅಡ್ಗೆಮನೆ ಎರಡ್ನೂ ನಾನೇ ಮಾಡಿಸ್ಕೊಡ್ತೀನಿ. ನನ್ ಲೆಕ್ಕದಲ್ಲಿ.”

ಚನ್ನಮಲ್ಲಮ್ಮನ ಕಣ್ಣು ತುಂಬಿಬಂದಿತ್ತು.

ಅಡುಗೆಮನೆಯನ್ನು ಅವನು ನಿಜಕ್ಕೂ ಮನಸ್ಸಿಟ್ಟು ಮಾಡಿಸಿದ. ಆಕೆಯ ಎತ್ತರಕ್ಕೆ ಕಟ್ಟೆ ತಗ್ಗಿಸಿದ, ಕಿಟಕಿಯ ಬೆಳಕು ಬೀಳುವ ಕಡೆಗೆ ಸಿಂಕು ತಂದ, ರಾಗಿಹಿಟ್ಟಿನ ಡಬ್ಬ ಬಗ್ಗದೆ ಕೈಗೆ ಸಿಗುವಂತೆ ಅರೆ ಹೊಂದಿಸಿದ. ನೋಡಿದವರೆಲ್ಲ ಹೊಗಳಿದರು. ಆ ಹೊಗಳಿಕೆಯೇ ಬಚ್ಚಲಿಗೂ ಹೊದಿಕೆಯಾಯಿತು.

ಹಂಡೆಯ ಒಲೆಯೊಂದನ್ನು ಬಿಟ್ಟು ಬಚ್ಚಲಿಗೆಲ್ಲ ಹೊಳೆಯುವ ಬಿಳಿ ಟೈಲ್ಸು. ಒಳಗಡೆ ಎರಡು ಅಂಗುಲದ ಹೊಸ್ತಿಲು. ಮಣೆ ಹಾಕಿ ಕೂರುವ ಕಡೆಗೇ ಚೂಪಾದ ಗ್ರಾನೈಟ್ ಅಂಚು. ಬಾಗಿಲು ಒಳಕ್ಕೆ ತೆರೆಯುವಂಥದ್ದು, ಬಿದ್ದ ಮೈಯೇ ಅಗುಳಿಯಾಗಲಿ ಎಂದು. ಕೂಗು ಕೇಳದಂತೆ ಗುಂಯ್‌ಗುಡುವ ಎಕ್ಸಾಸ್ಟ್ ಫ್ಯಾನು. ಹಿಡಿಕೆ ಮಾತ್ರ ಎಲ್ಲೂ ಇಲ್ಲ.

ಟೈಲ್ಸ್ ಹಾಕುವ ಮಾದಸ್ವಾಮಿ ಪೆಟ್ಟಿಗೆ ಬಿಚ್ಚಿ ಒಂದು ಬಿಲ್ಲೆಯ ಮೇಲೆ ನೀರು ಚಿಮುಕಿಸಿದ. ಹೆಬ್ಬೆರಳು ಆಡಿಸಿ ತಲೆಯೆತ್ತಿದ.

“ಸಾ, ಇದು ಗೋಡೆಗಾಕೋ ಮಾಲು ಕಣ್ಸಾ, ನೆಲಕ್ಕಲ್ಲ. ನೀರ್ ಬಿದ್ರೆ ಬೆಣ್ಣೆ ಆಯ್ತದೆ.”

“ಅತ್ತೆಗೆ ಕಣ್ಣು ಮಂಜು ಕಣಪ್ಪ. ಬೆಳ್ಳಗೆ ಒಳೀತಿದ್ರೆ ದಾರಿ ಕಾಣ್ತದೆ. ನೀನ್ ಆಕು.”

“ಒಂದ್ ಇಡ್ಕೆನಾದ್ರೂ...”

“ನಿಮ್ಮವ್ವನ ಬಚ್ಚಲಿಗ್ ಆಕ್ಕೊಳ್ಳೋಗು. ಯಜಮಾನ ನೀನೋ ನಾನೋ?”

ಮಾದಸ್ವಾಮಿ ಸಿಮೆಂಟು ಕಲಸಿದ. ಬಿಲ್ಲೆಗಳನ್ನು ಒಂದೊಂದಾಗಿ, ಕೂದಲೆಳೆ ಹೆಚ್ಚುಕಡಿಮೆಯಾಗದಂತೆ ಕೂರಿಸುತ್ತಾ ಹೋದ.

ದಸರಾ ಮುಗಿದ ಮಾರನೆಯ ದಿನ ಬಚ್ಚಲು ಸಿದ್ಧವಾಯಿತು. ಅಂದಿನಿಂದ ಷಡಕ್ಷರಿ ಫೋನು ಕೈಬಿಡಲಿಲ್ಲ. ಒಂದು ವಾರ ಕಳೆಯಿತು. ಎರಡು ಕಳೆಯಿತು. ಕುಂತೂರಿನ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತಾ ಮೂರು ಸಲ ಹೋಗಿ ನೋಡಿಬಂದ. ಮೂರು ಸಲವೂ ಅತ್ತೆ ನೆಟ್ಟಗೆ ನಿಂತು, ಹಣೆತುಂಬ ವಿಭೂತಿ ಧರಿಸಿ, ಬಾಯಲ್ಲಿ ವಚನ ಗುನುಗುತ್ತಾ ಬಾಗಿಲು ತೆರೆದಳು. ಬಚ್ಚಲು ಒಣಗಿ ಕನ್ನಡಿಯಂತಿತ್ತು. ಹೊರಗೆ ಕಾಂಪೌಂಡ್ ಗೋಡೆಯ ಮೇಲೆ ಒದ್ದೆ ಗೋಣಿಚೀಲ ಹರವಿರುತ್ತಿತ್ತು. ರಾಗಿ ತುಂಬುವ ಕಾಲಕ್ಕೆ ತೊಳೆದಿಟ್ಟಿರಬೇಕು; ಮುಖ್ಯರಸ್ತೆಗೆ ಕಾಣುವ ಮನೆಯ ಅಂದವನ್ನೇ ಕೆಡಿಸುತ್ತಾಳೆ ಎಂದು ಅವನು ಮೂರು ಸಲವೂ ಸಿಡುಕಿದ್ದ.

“ನೀರಿಗೆಲ್ಲಾ ಸರಾಗ್ವಾ ಅತ್ತೆ? ಜಾರಾದು ಗೀರಾದು?”

“ಅರಮನೆ ಆಗದೆ ಕಣ್ ಮಗಾ. ದಿನಾ ಹೊತ್ತಾರೆ ಬೆಳಕರಿಯೋಕ್ ಮುಂಚೇನೇ ಮಿಂದ್ಬುಡ್ತೀನಿ.”

ಮೂರನೆಯ ಸಲ ಹಿಂದಿರುಗುವಾಗ ಅವನಿಗೆ ತನ್ನ ಮಾಲಿನ ಮೇಲೇ ಸಂಶಯ ಹುಟ್ಟಿತು. ದಿನಾ ಬೆಳಗಿನ ಜಾವ ಆ ಮಂಜುಗಣ್ಣಿನ ಜೀವ ಮಿಂದು ಬರುತ್ತಿದೆ ಎಂದರೆ ನೆಲ ಅಷ್ಟೇನೂ ಜಾರುತ್ತಿಲ್ಲ. ಕಂಪನಿಯವರು ಹೊಳಪಿನ ಲೇಪನ ಬದಲಿಸಿದ್ದಾರೋ ಏನೋ. ಬರಿಯ ನೀರು ಸಾಲದು, ಎಣ್ಣೆ ಬೇಕು.

ಎಣ್ಣೆಗೆ ನೆವವನ್ನು ಹಬ್ಬವೇ ತಂದುಕೊಟ್ಟಿತು. ನೀರು ತುಂಬುವ ಹಬ್ಬದ ಸಂಜೆ ಅತ್ತೆ ಹಂಡೆ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಮಾಗಳಿ ಬಳ್ಳಿ ಸುತ್ತಿ ನೀರು ತುಂಬುತ್ತಾಳೆ. ಮಾರನೆಯ ಬೆಳಿಗ್ಗೆ ಮನೆಯವರ ನೆತ್ತಿಗೆಲ್ಲ ಎಣ್ಣೆಯಿಟ್ಟು ಮೀಯಿಸಿ, ಕೊನೆಗೆ ತಾನು ಮೀಯುತ್ತಾಳೆ. “ಬಚ್ಚಲು ಮಾಡ್ಸದೋನು ನೀನು, ಮೊದಲ್ನೇ ನೀರು ನಿಂಗೇ,” ಎಂದು ಆಕೆಯೇ ಫೋನು ಮಾಡಿದಳು. ಹೆಂಡತಿ ನಾಗಶ್ರೀಯನ್ನು ಅಂಗಡಿಯ ಪೂಜೆಗೆ ಬಿಟ್ಟು ಷಡಕ್ಷರಿ ಒಬ್ಬನೇ ಹೋದ. ತಾನು ಮಿಂದು, ನೆಲದ ಎಣ್ಣೆಗೆ ನೀರು ಸುರಿಯದೆ ಹೊರಬರುವುದು. ಆಮೇಲೆ ನಾಲ್ಕು ಜನರೆದುರು ಜಗಲಿಯಲ್ಲಿ ಕೂತು ಕಾಫಿ ಕುಡಿಯುವುದು. ಆಮೇಲೆ ಅತ್ತೆಯ ಸರದಿ. ಸೋಮವಾರಕ್ಕೆ ಇನ್ನೂ ಮೂರು ದಿನವಿತ್ತು.

ಹಬ್ಬದ ಬೆಳಿಗ್ಗೆ ಅತ್ತೆ ಅವನನ್ನು ಹಿತ್ತಿಲಲ್ಲಿ ಮಣೆಯ ಮೇಲೆ ಕೂರಿಸಿ ನೆತ್ತಿಗೆ ಹರಳೆಣ್ಣೆ ತಟ್ಟಿದಳು. ಬೆನ್ನಿಗೆ, ತೋಳಿಗೆ, ಕೊನೆಗೆ ಅಂಗಾಲಿಗೆ. ಬೇಡ ಎಂದರೂ ಬಿಡಲಿಲ್ಲ. “ಮೂರ್ ತಿಂಗ್ಳ ಮಗಾನ ಈ ಕೈಲೇ ಎರ್ದಿವ್ನಿ. ಈಗ ನಾಚ್ಕಂತೀಯಾ?” ಎಂದು ನಕ್ಕಳು. ಆ ನಗುವಿಗೆ ಒಂದು ಗಳಿಗೆ ಅವನ ಮನಸ್ಸು ಹಿಂದೇಟು ಹಾಕಿತು. ಮರುಗಳಿಗೆ ಜಗಲಿಯ ಗಾಜಿನ ಬಾಗಿಲು ನೆನಪಾಯಿತು.

ಒಳಹೋಗಿ ಚಿಲಕ ಹಾಕಿಕೊಂಡ. ಫ್ಯಾನು ಗುಂಯ್‌ಗುಡುತ್ತಿತ್ತು. ಅತ್ತೆ ಆಗಲೇ ನೀರು ಚಿಮುಕಿಸಿ ರಂಗೋಲಿ ಎಳೆದಿದ್ದಳು. ಎಪ್ಪತ್ತಾರರ ಕಾಲು ದಿನಾ ನಡೆದಾಡಿದ ನೆಲ ತಾನೇ ಎಂಬ ಧೈರ್ಯದಲ್ಲಿ ಒಳಗಿನ ಹೊಸ್ತಿಲು ದಾಟಿ ಹಂಡೆಯತ್ತ ಎರಡು ಹೆಜ್ಜೆ ಇಟ್ಟ. ಎರಡನೆಯದು ನೆಲಕ್ಕೆ ಹತ್ತಲೇ ಇಲ್ಲ. ಗೋಡೆಗೆ ಕೈ ಚಾಚಿದ, ಹಿಡಿಕೆಯಿಲ್ಲ. ಸೊಂಟಕ್ಕೆ ಗ್ರಾನೈಟ್ ಅಂಚು ಬಡಿದು ಒಣಸೌದೆ ಮುರಿದ ಸದ್ದಾಯಿತು. ಕಾಲುಗಳು ಬಾಗಿಲಿಗೆ ಅಡ್ಡಬಿದ್ದವು. ಕೂಗಿದ. ಫ್ಯಾನು ನುಂಗಿತು. ಇನ್ನೂ ಕೂಗಿದ.

ಎಷ್ಟು ಹೊತ್ತಾಯಿತೋ. ಹಬ್ಬದೂಟಕ್ಕೆ ಬಂದಿದ್ದ ಮಾದಸ್ವಾಮಿ ಹೊರಗಿನ ಸ್ವಿಚ್ ಆರಿಸಿದಾಗ ಆ ಗದ್ದಲ ನಿಂತಿತು. ಅವನು ಬಾಗಿಲು ನೂಕಿದ. ಚಿಲಕ ಕಿತ್ತು ಬಂದರೂ ಷಡಕ್ಷರಿಯ ಕಾಲಿಗೆ ತಗುಲಿ ಬಾಗಿಲು ನಾಲ್ಕು ಬೆರಳಿಗಿಂತ ಹೆಚ್ಚು ಸರಿಯಲಿಲ್ಲ. “ಅಲ್ಲಾಡ್ಬೇಡಿ ಸಾ, ಬಾಗ್ಲು ಒಡೀತೀನಿ,” ಎಂದು ಉಳಿ ತರಲು ಓಡಿದ. ಆ ನಾಲ್ಕು ಬೆರಳಿನ ಸಂದಿಗೆ ಚನ್ನಮಲ್ಲಮ್ಮ ಮುಖ ಒತ್ತಿ ಅಳುತ್ತಿದ್ದಳು. “ನಂದೇ ತಪ್ಪು ಕಣ್ ಮಗಾ! ಜಾರ್ತದೆ ಕಣವ್ವಾ, ಗೋಣಿತಾಟು ಹಾಸ್ದೆ ಒಳೀಕ್ ಕಾಲಿಕ್ಬೇಡ ಅಂತ ಮಾದಸ್ವಾಮಿ ಕೆಲ್ಸ ಮುಗಿಸ್ದ ದಿನ್ವೇ ಏಳಿದ್ದ. ದಿನಾ ಹಾಸ್ಕಂಡೇ ಮಿಂದಿವ್ನಿ, ಮಿಂದ್ಮೇಲೆ ಗ್ವಾಡೆ ಮ್ಯಾಲೆ ಒಣಾಕಿವ್ನಿ. ನಿನ್ ಚೆಂದದ ನೆಲದ್ ಮ್ಯಾಲೆ ಗೋಣಿ ಕಂಡ್ರೆ ನೀ ಬ್ಯಾಸ್ರ ಮಾಡ್ಕಂಡೀಯ ಅಂತ ಇವತ್ತೊಂದಿನ ತಗ್ದಿದ್ದೆ ಕಣಪ್ಪಾ...”