ಅಮಾವಾಸ್ಯೆಯ ಮದರ್‌ಬೋರ್ಡ್

ವೈಶಾಖದ ಉರಿಬಿಸಿಲು, ಅಕ್ಷಯ ತದಿಗೆಯ ಮಧ್ಯಾಹ್ನ. ಅದು ಶುರುವಾದದ್ದು ಆಗ. ಎರಡು ಸಾವಿರದ ಆರನೇ ಇಸವಿ. ಕೋಲ್ಕತ್ತದ ಜನ ಚಿನ್ನದಂಗಡಿಗಳ ಮುಂದೆ ಬೆವರು ಒರೆಸಿಕೊಳ್ಳುತ್ತ ನಿಂತಿದ್ದರೆ, ಚಾಂದನಿ ಮಾರ್ಕೆಟ್ಟಿನಲ್ಲಿ ಬಸುಬಾಬುವಿನ ಕಂಪ್ಯೂಟರ್ ಅಂಗಡಿಯೊಳಗೆ ಎತ್ತರದ ಹುಡುಗನೊಬ್ಬ ಮೊಬೈಲನ್ನು ಕಿವಿಗೊತ್ತಿಕೊಂಡು ಕನ್ನಡದಲ್ಲಿ ಮಾತಾಡುತ್ತಿದ್ದ.

"ಅವ್ವಾ, ತಗೊಳ್ಳಿಕ್ಕತ್ತೇನಿ. ಹೂಂ, ಬೋರ್ಡ್. ಕಂಪ್ಯೂಟರ್ ಒಳಗಿಂದು. ಎರಡು ಗಂಟೆಯೊಳಗ ಕೈಗೆ ತಗೊಂಡಿರ್ತೇನಿ, ನೀ ಚಿಂತಿ ಮಾಡಬ್ಯಾಡ."

ಪಕ್ಕದಲ್ಲಿ ತನ್ನ ಹಳೇ ಕಂಪ್ಯೂಟರಿಗೊಂದು ಫ್ಯಾನ್ ಕೊಳ್ಳಲು ಬಂದಿದ್ದ ಹಂಸಾ ತಲೆಯೆತ್ತಿದಳು. ಅವಳ ತಂದೆ ನರಹರಿ ರೈಲ್ವೆಯ ಲೆಕ್ಕಪತ್ರ ವಿಭಾಗದವರು, ಮೈಸೂರಿನ ಕಡೆಯವರು. ಮನೆ ಲೇಕ್ ಗಾರ್ಡನ್ಸ್‌ನಲ್ಲಿ. ಹಂಸಾ ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಹಗಲು ಶಾಲೆಯೊಂದರಲ್ಲಿ ಕಂಪ್ಯೂಟರ್ ಕಲಿಸುವಳು, ಸಂಜೆ ತನ್ನ ಕಂಪ್ಯೂಟರಿನ ಮುಂದೆ ಕೂತು ಆಟದ ಶತ್ರುಗಳನ್ನು ಒಬ್ಬರ ಹಿಂದೊಬ್ಬರಂತೆ ಉರುಳಿಸುವಳು. ತಪ್ಪು ಸಾಮಾನು ಕೊಳ್ಳುವವರನ್ನು ನೋಡಿ ಸುಮ್ಮನಿರುವುದು ಅವಳ ಕೈಲಿ ಆಗುತ್ತಿರಲಿಲ್ಲ.

"ಆ ಬೋರ್ಡ್ ತಗೋಬೇಡಿ," ಎಂದಳು.

ಹುಡುಗ ಬೆಚ್ಚಿ ತಿರುಗಿದ. "ಕನ್ನಡದವರೇನ್ರಿ?"

"ಅದು ಆಮೇಲೆ. ಮುಂದಿನ ತಿಂಗಳು ಪ್ರೊಸೆಸರ್ ಕೂರಿಸೋ ಸಾಕೆಟ್ ಹೊಸ ಥರದ್ದು ಬರತ್ತೆ. ಈ ಬೋರ್ಡಿಗೆ ಹೊಂದೋ ಪ್ರೊಸೆಸರ್ ಆಮೇಲೆ ಸಿಗಲ್ಲ. ತಗೊಳ್ಳಲೇಬೇಕು ಅಂದ್ರೆ ಎರಡನ್ನೂ ಇವತ್ತೇ ತಗೊಳ್ಳಿ."

"ಇವತ್ತ ಒಂದ ತಗೋ ಅಂತ ಹೇಳ್ಯಾಳ ಅವ್ವ. ಒಂದೊಂದ ಸಾಮಾನು, ಒಂದೊಂದ ಛೊಲೋ ದಿನ."

"ಬಂಗಾರ ಕೊಂಡ ಹಾಗಾ?"

"ಹೌದ್ರಿ," ಎಂದ ಅವನು, ಅದರಲ್ಲಿ ಕೇಳುವಂಥದ್ದೇನಿದೆ ಎನ್ನುವ ಮುಖದಲ್ಲಿ. ಬೋರ್ಡನ್ನು ಕೊಂಡೇ ಕೊಂಡ. ಹಬ್ಬವೆಂದು ಬಸುಬಾಬು ಗಿರಾಕಿಗಳಿಗೆಲ್ಲ ಕೊಡುತ್ತಿದ್ದ ಸಿಹಿಯ ಪೊಟ್ಟಣವನ್ನು ಬಿಚ್ಚಿ, ಅದರಲ್ಲಿದ್ದ ಸಂದೇಶ್ ಎಂಬ ಬಂಗಾಳಿ ಮಿಠಾಯಿಯ ದೊಡ್ಡ ಚೂರನ್ನು ಅವಳತ್ತ ಚಾಚಿದ. ಚಾಚಿದ ಬೆರಳುಗಳ ಉಗುರಿನಡಿ ಮಣ್ಣು ಕೂತಿತ್ತು. ಹಂಸಾ ಅದನ್ನು ನೋಡಿದ್ದನ್ನು ಅವನೂ ನೋಡಿದ.

"ಗಂಗಾ ನದೀ ಮಣ್ಣು," ಎಂದ ನಾಚಿಕೊಂಡು. "ಅದರ ಮ್ಯಾಲೇ ರಿಸರ್ಚ್ ನಂದು. ಎಷ್ಟ ತೊಳದ್ರೂ ಹೋಗಂಗಿಲ್ಲ."

ಹೆಸರು ಪ್ರದೀಪ, ಊರು ಧಾರವಾಡ. ಸದರ್ನ್ ಅವೆನ್ಯೂ ಹಿಂದೆ ಒಂದು ಬಾಡಿಗೆ ಕೋಣೆ. ದಿನವಿಡೀ ಕೆಸರು ಸೋಸುವವನಿಗೆ ಸಂಜೆಯಾದರೆ ವಿಮಾನ ಹಾರಿಸುವ ಆಟ ಆಡಬೇಕೆಂಬ ಆಸೆ. ತೀರಾ ದುಬಾರಿಯೂ ಬೇಡ, ತೀರಾ ಅಗ್ಗವೂ ಬೇಡ, ಆಟ ಮಾತ್ರ ತಡೆಯಿಲ್ಲದೆ ಓಡಬೇಕು. ಇಷ್ಟನ್ನು ಅವನು ಮೆಟ್ರೋ ಮೆಟ್ಟಿಲ ತನಕ ಹೇಳಿಕೊಂಡು ಬಂದ. ಹಂಸಾ ಕೇಳಿಕೊಂಡು ನಡೆದಳು. ಫ್ಯಾನ್ ಅಂಗಡಿಯಲ್ಲೇ ಉಳಿಯಿತೆಂಬುದು ಮನೆ ಮುಟ್ಟಿದ ಮೇಲೆ ನೆನಪಾಯಿತು.

ಜ್ಯೇಷ್ಠದಲ್ಲಿ ಅವನ ಅವ್ವ ಇನ್ನೊಂದು ದಿನ ಹೇಳಿದಳು. ಈ ಸಲ ಹಂಸಾ ತಾನೇ ಜೊತೆಗೆ ಹೋದಳು.

"ಈ ಗ್ರಾಫಿಕ್ಸ್ ಕಾರ್ಡ್ ತಗೊಳ್ಳಿ. ನಿಮ್ಮ ಬೋರ್ಡಿನ ಸ್ಲಾಟಿಗೆ ಸರಿಯಾಗಿ ಕೂರತ್ತೆ. ಕಣ್ಣು ಮುಚ್ಕೊಂಡು ತಗೊಳ್ಳಿ."

ಅವನು ನಿಜಕ್ಕೂ ಕಣ್ಣು ಮುಚ್ಚಿ ಕೈಚಾಚಿದ. ಬಸುಬಾಬು ನಕ್ಕುಬಿಟ್ಟ. ಹಂಸಾಳಿಗೆ ಸಿಟ್ಟು ಬಂತು. ಸಿಟ್ಟೇ ಎಂದು ಅವಳು ಅಂದುಕೊಂಡಳು.

ಆಷಾಢ ಬಂತು. ಆಷಾಢದಲ್ಲಿ ಏನನ್ನೂ ಕೊಳ್ಳುವಂತಿಲ್ಲ. ಆದರೂ ಪ್ರತಿ ಭಾನುವಾರ ಲೇಕ್ ಗಾರ್ಡನ್ಸ್‌ನ ಮನೆಯ ಗಂಟೆ ಒತ್ತುವುದನ್ನು ಅವನು ಬಿಡಲಿಲ್ಲ. ಪವರ್ ಸಪ್ಲೈ ಎಷ್ಟು ಬೇಕು, ಕಂಪ್ಯೂಟರಿನ ಡಬ್ಬ ಕರಿಯದಿರಲೋ ಬೆಳ್ಳಿ ಬಣ್ಣದ್ದಿರಲೋ ಎಂದು ಕೇಳುವನು. ಹಂಸಾಳ ತಾಯಿ ಶೋಭನಾ ಬಡಿಸಿದ ಸಾರನ್ನ ಉಂಡು, ತಟ್ಟೆಯ ಅಂಚಿನಲ್ಲಿ ಕರಿಬೇವಿನ ಎಲೆಗಳನ್ನು ಸಾಲಾಗಿ ಜೋಡಿಸಿ ಎದ್ದು ಹೋಗುವನು.

ಅಂಥದ್ದೊಂದು ಭಾನುವಾರ ಇಬ್ಬರೂ ಸರೋವರದ ದಂಡೆಯಲ್ಲಿ ನಡೆಯುತ್ತಿದ್ದರು. ಮಳೆ ಈಗಷ್ಟೇ ನಿಂತಿತ್ತು. ಝಾಲ್‌ಮುರಿ ಎಂಬ ಖಾರ ಮಂಡಕ್ಕಿಯ ಪೊಟ್ಟಣ ಅವನ ಕೈಯಲ್ಲಿತ್ತು, ತಿನ್ನುತ್ತಿದ್ದವಳು ಅವಳು. ಅವನು ತಟ್ಟನೆ ನಿಂತ.

"ನಿಮಗ ಒಂದು ಮಾತು ಹೇಳಬೇಕಿತ್ತು."

ಹಂಸಾ ಅಗಿಯುವುದನ್ನು ನಿಲ್ಲಿಸಿದಳು. "ಹೇಳಿ."

ಅವನು ಅವಳ ಮುಖ ನೋಡಿದ, ನೀರು ನೋಡಿದ, ಜೇಬಿನಿಂದ ಮೊಬೈಲ್ ತೆಗೆದು ತಾರೀಖು ನೋಡಿದ. "ಆಷಾಢ ಮುಗೀಲಿ," ಎಂದ.

ಹಂಸಾ ಅವನ ಕೈಯಿಂದ ಪೊಟ್ಟಣ ಕಿತ್ತುಕೊಂಡು ಮನೆಗೆ ಹೊರಟುಬಿಟ್ಟಳು. ದಾರಿಯುದ್ದಕ್ಕೂ ಬಾಯಲ್ಲಿ ಬಂಗಾಳಿಯ ಒಂದೇ ಬೈಗುಳ, ಧುತ್, ಧುತ್.

ಶ್ರಾವಣ ಬಂದರೂ ಅವನು ಬರಲಿಲ್ಲ. ಸುಂದರಬನದ ಕಡೆ ಮಣ್ಣು ತೆಗೆಯಲು ಕಳಿಸಿದ್ದರು. ವರಮಹಾಲಕ್ಷ್ಮಿ ಹಬ್ಬದ ದಿನ ಒಂದು ಹೊತ್ತಿನ ಮಟ್ಟಿಗೆ ಕೋಲ್ಕತ್ತಕ್ಕೆ ಬಂದು ಪ್ರೊಸೆಸರ್ ಕೊಂಡು ಹಿಂದಿರುಗಿದ. ಚೌತಿಯ ದಿನ ಹಾಗೆಯೇ ಓಡಿಬಂದು ಮೆಮೊರಿ ಕೊಂಡ. ಎರಡು ಸಲವೂ ಹಂಸಾಳನ್ನು ಕೇಳಲು ಪುರುಸೊತ್ತಿರಲಿಲ್ಲ. ದಿನ ಮಾತ್ರ ತಪ್ಪಿಸಲಿಲ್ಲ.

ಭಾದ್ರಪದದ ಧಗೆಯಲ್ಲಿ ಎಲ್ಲವನ್ನೂ ಹೊತ್ತುಕೊಂಡು ಬಂದ. ಮುಖ ಬಿಸಿಲಿಗೆ ಕಪ್ಪಿಟ್ಟಿತ್ತು. ಹಂಸಾ ಊಟದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಬೋರ್ಡ್ ಇಟ್ಟು, ಪ್ರೊಸೆಸರನ್ನು ಎರಡು ಬೆರಳಲ್ಲಿ ಹಿಡಿದು ಸಾಕೆಟ್ಟಿನ ಮೇಲಿಟ್ಟಳು. ಕೂರಲಿಲ್ಲ. ತಿರುಗಿಸಿ ಇಟ್ಟಳು. ಆಗಲೂ ಕೂರಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು ನೋಡಿ ಮೆಲ್ಲಗೆ ಕೆಳಗಿಟ್ಟಳು.

"ಇದು ಹೊಸ ಸಾಕೆಟ್ಟಿಂದು. ನಿಮ್ಮ ಬೋರ್ಡಿಗಿಂತ ಒಂದೇ ಒಂದು ಪಿನ್ ಜಾಸ್ತಿ."

"ಒಂದ ಪಿನ್ನಲ್ಲೇನ್ರಿ? ಸ್ವಲ್ಪ ಒತ್ತಿದ್ರ?"

"ಒತ್ತಿದ್ರೆ ಎರಡೂ ಕಸಕ್ಕೆ ಹೋಗತ್ತೆ. ಮೆಮೊರಿನೂ ಹೊಸ ಥರದ್ದೇ ತಂದಿದೀರ, ಅದೂ ಕೂರಲ್ಲ. ಪ್ರದೀಪ್, ನಾನು ಮೊದಲ ದಿನಾನೇ ಹೇಳಿರಲಿಲ್ವಾ?"

"ಹೇಳಿದ್ರಿ."

"ಮತ್ತೆ?"

"ದಿನ ಛೊಲೋ ಇತ್ತಲ್ರಿ," ಎಂದ ಅವನು, ತನಗೇ ಕೇಳಿಸದಷ್ಟು ಮೆತ್ತಗೆ.

ಹಂಸಾ ಹಣೆಗೆ ಕೈಯಿಟ್ಟು ಕೂತಳು. ಅಷ್ಟರಲ್ಲಿ ನರಹರಿ ಆಫೀಸಿನಿಂದ ಬಂದರು. ಚಪ್ಪಲಿ ಬಿಡುವ ಮುಂಚೆಯೇ, "ಹುಬ್ಬಳ್ಳಿಗೆ ಹಾಕಿದಾರೆ ಕಣೇ. ದಸರಾ ಕಳೆದ ಮರುದಿನವೇ ಹೊರಡಬೇಕು," ಎಂದು ಹೆಂಡತಿಗೆ ಹೇಳಿದರು. ಶೋಭನಾಳ ಮುಖ ಅರಳಿತು.

"ಒಳ್ಳೇದೇ ಆಯ್ತು. ಮೈಸೂರಿಂದ ಬಂದಿರೋ ಎರಡು ಜಾತಕಾನೂ ಅಲ್ಲಿಗೆ ಹೋದ ಮೇಲೆ ನೋಡಬಹುದು. ಹಂಸಾಗೂ ವಯಸ್ಸಾಗ್ತಾ ಬಂತು."

ಹಂಸಾ ಪ್ರದೀಪನನ್ನೇ ನೋಡಿದಳು. ಆಷಾಢ ಮುಗಿದಿತ್ತು, ಶ್ರಾವಣವೂ ಕಳೆದಿತ್ತು. ಈಗಲಾದರೂ ಆ ಮಾತು ಬಂದೀತೆಂದು ಕಾದಳು. ಅವನು ಬಾಯಿ ತೆರೆದ. ಗೋಡೆಯ ಮೇಲಿನ ಕ್ಯಾಲೆಂಡರ್ ಕಡೆ ಅವನ ಕಣ್ಣು ಹೋಯಿತು. ಪಿತೃಪಕ್ಷ ಶುರುವಾಗಿತ್ತು. ಬಾಯಿ ಮುಚ್ಚಿದ.

ಅದಾಗಿ ಕೆಲವು ದಿನಕ್ಕೆ ವಿಶ್ವಕರ್ಮ ಪೂಜೆ. ಊರಿನ ಆಕಾಶದ ತುಂಬ ಗಾಳಿಪಟ. ರಿಕ್ಷಾದಿಂದ ಹಿಡಿದು ಅಚ್ಚಿನ ಯಂತ್ರದವರೆಗೆ ಎಲ್ಲಕ್ಕೂ ಹೂವು ಬಿದ್ದಿತ್ತು. ಬಸುಬಾಬು ಪೂಜೆಗೆ ಕರೆದಿದ್ದನೆಂದು ಇಬ್ಬರೂ ಅಂಗಡಿಗೆ ಹೋದರು. ಪ್ರಸಾದ ಕೊಡುತ್ತ ಬಸುಬಾಬು, ಹಳೇ ಬೋರ್ಡಿಗೆ ಬದಲಾಗಿ ಹೊಸದು ಕೊಡುತ್ತೇನೆ, ಆದರೆ ಮಹಾಲಯದ ತನಕ ಮಾತ್ರ, ಆಮೇಲೆ ಹಳೇದನ್ನು ಯಾರೂ ಮುಟ್ಟುವುದಿಲ್ಲ ಎಂದ.

"ಕೇಳಿದ್ರಲ್ಲ. ಈಗಲೇ ಬದಲಾಯಿಸಿ," ಎಂದಳು ಹಂಸಾ.

"ಪಕ್ಷ ಮಾಸ ಅದರೀ. ಹೊಸಾದ್ದು ಮನೀಗೆ ತರಂಗಿಲ್ಲ. ನಮ್ಮ ಆಯುಧ ಪೂಜಾ ನವಮಿಗೆ ಬರ್ತದಲ್ಲ, ಆಗ—"

"ನವಮಿಗೆ ಈ ಊರಲ್ಲಿ ಯಾವ ಅಂಗಡಿ ತೆಗೆದಿರತ್ತೆ? ಊರೆಲ್ಲ ದುರ್ಗಾಪೂಜೆ ಪೆಂಡಾಲಲ್ಲಿರತ್ತೆ." ಹಂಸಾಳ ದನಿ ಏರಿತು. ಬಸುಬಾಬು ಸುಮ್ಮನೆ ಧೂಪದ ಬಟ್ಟಲನ್ನು ಒಳಗೆ ತೆಗೆದುಕೊಂಡು ಹೋದ. "ನಿಮಗೆ ಆಷಾಢ ಆಗಲ್ಲ, ಪಕ್ಷ ಆಗಲ್ಲ. ನಾವು ದಸರಾ ಮರುದಿನ ಹೋಗ್ತಿದೀವಿ ಪ್ರದೀಪ್. ನಿಮ್ಮ ಒಳ್ಳೇ ದಿನ ಬರೋ ಹೊತ್ತಿಗೆ ಸಾಕೆಟ್ಟೇ ಬದಲಾಗಿರತ್ತೆ. ಪ್ರತಿ ಸಲಾನೂ ಅದೇ ಆಗತ್ತೆ. ನಿಮಗೆ ಅರ್ಥ ಆಗ್ತಾ ಇದೆಯಾ, ಇಲ್ವಾ?"

ಅವನು ಉಗುರಿನ ಮಣ್ಣನ್ನು ನೋಡಿಕೊಳ್ಳುತ್ತ ನಿಂತ. ಕಿತ್ತುಹೋದ ಗಾಳಿಪಟವೊಂದು ಟ್ರಾಮಿನ ತಂತಿಗೆ ಸಿಕ್ಕಿ ಪಟಪಟ ಎನ್ನುತ್ತಿತ್ತು. ಹಂಸಾ ಒಬ್ಬಳೇ ಮನೆಗೆ ಬಂದಳು. ಅಂದಿನಿಂದ ಅವನ ಫೋನೂ ಇಲ್ಲ. ಅವಳು ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬತೊಡಗಿದಳು. ತುಂಬಿದ್ದನ್ನೇ ತೆಗೆದು ಮತ್ತೆ ತುಂಬುವಳು.

ಮಹಾಲಯ ಬಂತು. ಕೋಲ್ಕತ್ತಕ್ಕೆ ಅದು ದೇವಿ ಬರುವಳೆಂಬ ಹಿಗ್ಗಿನ ಬೆಳಗು. ನಸುಕಿನಲ್ಲೇ ಎಲ್ಲ ಮನೆಗಳ ರೇಡಿಯೊ ಒಟ್ಟಿಗೆ ದೇವಿಯ ಸ್ತೋತ್ರ ಹಾಡುತ್ತವೆ. ನರಹರಿಯವರ ಮನೆಗೆ ಅದು ಹಿರಿಯರ ಅಮಾವಾಸ್ಯೆ. ಅವರು ತರ್ಪಣ ಕೊಡಲು ಗಂಗೆಯ ಘಾಟಿಗೆ ಹೋಗಿದ್ದರು. ಶೋಭನಾ ಒದ್ದೆ ಸೀರೆಯಲ್ಲಿ ವಡೆ ಕರಿಯುತ್ತಿದ್ದಳು. ಹೊತ್ತೇರುವಾಗ ಗಂಟೆ ಬಾರಿಸಿತು.

ಬಾಗಿಲಲ್ಲಿ ಪ್ರದೀಪ. ಕಂಕುಳಲ್ಲಿ ಹೊಸ ಬೋರ್ಡಿನ ಡಬ್ಬ.

ಹಂಸಾ ಬಾಗಿಲಿಗೆ ಅಡ್ಡ ನಿಂತಳು. "ಇವತ್ತು ಯಾವ ದಿನ ಗೊತ್ತಾ?"

"ಗೊತ್ತದ. ಅಮಾಸಿ."

"ಶುಕ್ರವಾರ, ಹನ್ನೊಂದು ಗಂಟೆ."

"ರಾಹುಕಾಲ. ನೋಡೇ ಬಂದೇನಿ."

"ನಿಮ್ಮ ಅವ್ವನಿಗೆ?"

"ಫೋನ್ ಮಾಡಿ ಎಲ್ಲಾ ಹೇಳಿದೆ. ಬೋರ್ಡಿಂದು, ನಿಮ್ಮದು, ನೀವು ಹೊಂಟದ್ದು. ಬೈದ್ಲು." ಅವನು ಅವ್ವನ ಮಾತನ್ನೇ ಒಪ್ಪಿಸಿದ. "'ನಾ ಸಾಮಾನಿಗೆ ದಿನಾ ನೋಡಂದಿದ್ನಿ, ಮಾತಿಗೆ ಯಾರು ನೋಡಂದ್ರೋ ಖೋಡಿ' ಅಂದ್ಲು."

ಹಂಸಾಳ ತುಟಿಯ ಅಂಚು ಅಲುಗಿತು. ಅದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಳು. "ಯಾವ ಮಾತು?"

"ಕೆರಿ ದಂಡಿ ಮ್ಯಾಲ ಉಳೀತಲ್ರಿ, ಆ ಮಾತು." ಅವನು ಡಬ್ಬವನ್ನು ಈ ಕಂಕುಳಿನಿಂದ ಆ ಕಂಕುಳಿಗೆ ಬದಲಾಯಿಸಿದ. "ನನಗ ದಿನಾ ನಿಮ್ಮ ಕೈಲೆ ಬೈಸಿಕೋಬೇಕು ಅನಸ್ತದ. ನೀವು ಬೈಲಿಲ್ಲಂದ್ರ ದಿನ ಹೋಗವಲ್ದು. ಲಗ್ನ ಆಗೂಣು ಹಂಸಾ."

ಅವಳಿಗೆ ಅಳು ಬಂತು, ಅದಕ್ಕಿಂತ ಮುಂಚೆ ಸಿಟ್ಟು ಬಂತು. "ಇಷ್ಟನ್ನ ಹೇಳೋಕೆ ಮೂರು ತಿಂಗಳು ಕ್ಯಾಲೆಂಡರ್ ನೋಡಿದ್ರಾ? ನಾನಿಲ್ಲಿ ಒಂದೇ ಪೆಟ್ಟಿಗೇನ ಎಷ್ಟು ಸಲ ತುಂಬಿದೀನಿ ಗೊತ್ತಾ?"

"ಆತು ಅನ್ರಿ, ಇಲ್ಲ ಅನ್ರಿ. ಏನಾರ ಅನ್ರಿ."

"ಆಯ್ತು ಅಂತಾನೇ ಬೈತಾ ಇರೋದು."

ಅಡುಗೆಮನೆಯಿಂದ ಶೋಭನಾ ಕೂಗಿದಳು. "ಹಂಸಾ, ಅಮಾವಾಸ್ಯೆ ದಿನ ಹೊಸ್ತಿಲ ಮೇಲೆ ನಿಂತು ಅದೆಲ್ಲ ಮಾತಾಡಬೇಡಿ. ಒಳಗೆ ಕರೆದು ಮಾತಾಡು. ನನಗೂ ಅರ್ಧರ್ಧ ಕೇಳಿಸ್ತಾ ಇದೆ."

ಮೇಜಿನ ಮೇಲೆ ಮತ್ತೆ ಬಿಳಿ ಬಟ್ಟೆ ಹಾಸಿದರು. ಪ್ರೊಸೆಸರ್ ಈ ಸಲ ಒತ್ತದೆಯೇ ತಾನಾಗಿ ಸಾಕೆಟ್ಟಿಗಿಳಿಯಿತು. ಮೆಮೊರಿ ಟಕ್ಕೆಂದು ಕೂತಿತು. ಹಂಸಾ ಕಣ್ಣೊರೆಸಿಕೊಂಡು, ಜ್ಯೇಷ್ಠದಲ್ಲಿ ತಾನೇ ಆರಿಸಿಕೊಟ್ಟಿದ್ದ ಕಾರ್ಡನ್ನು ಎತ್ತಿ ಸ್ಲಾಟಿಗೆ ಹಿಡಿದಳು. ಅವಳ ಕೈ ಅಲ್ಲಿಯೇ ನಿಂತುಹೋಯಿತು.

"ಏನಾತ್ರಿ?"

ಹೊಸ ಬೋರ್ಡಿನಲ್ಲಿ ಸ್ಲಾಟೂ ಹೊಸ ಥರದ್ದು. ಆ ಕಾರ್ಡ್ ಹಳೇ ಬೋರ್ಡಿಗಷ್ಟೇ ಹೊಂದುವಂಥದ್ದು. ಬೋರ್ಡ್ ಬದಲಾಯಿಸಿ, ಬದಲಾಯಿಸಿ ಎಂದು ಅವನ ಪ್ರಾಣ ತಿಂದವಳಿಗೆ ಕಾರ್ಡ್ ಒಂದು ಸಲವೂ ನೆನಪಾಗಿರಲಿಲ್ಲ. ಕಾರ್ಡಿಲ್ಲದೆ ಪರದೆಯ ಮೇಲೆ ಏನೂ ಮೂಡುವುದಿಲ್ಲ.

ಹಂಸಾ ಅವನಿಗೆ ವಿಷಯ ಹೇಳಿದಳು. ಕಿವಿ ಕೆಂಪಾಗಿತ್ತು.

ಪ್ರದೀಪ ಕಾರ್ಡನ್ನು ಅವಳ ಕೈಯಿಂದ ತೆಗೆದುಕೊಂಡು, "ಕಣ್ಣ ಮುಚ್ಚಿ ತಗೋ ಅಂದವರು ನೀವ," ಎಂದ.

"ಸುಮ್ನಿರಿ."

"ಬೈರಿ, ಬೈರಿ. ಇನ್ನ ಮ್ಯಾಲ ಕೇಳೂದ ಅದ."

ಆಗ ನಕ್ಕವಳು ಹಂಸಾ ಮೊದಲು. ಗಂಗೆಯಿಂದ ಒದ್ದೆ ಪಂಚೆಯಲ್ಲಿ ಬಂದ ನರಹರಿ, ಓಡದ ಯಂತ್ರದ ಮುಂದೆ ಕೂತು ನಗುತ್ತಿದ್ದ ಇಬ್ಬರನ್ನು ನೋಡಿ, ಹೆಂಡತಿಯ ಮುಖ ನೋಡಿದರು. ಶೋಭನಾ ಸೌಟು ಹಿಡಿದ ಕೈಯಲ್ಲೇ ಆಮೇಲೆ ಹೇಳುತ್ತೇನೆ ಎಂದು ಸನ್ನೆ ಮಾಡಿದಳು. ಮೈಸೂರಿನ ಜಾತಕಗಳು ಆ ವಾರವೇ ಅಂಚೆಯಲ್ಲಿ ಹಿಂದಿರುಗಿದವು.

ದಸರಾ ಕಳೆಯಿತು. ಪ್ರದೀಪ ಹಂಸಾಳನ್ನು ಬಿಡಲು ಹೌರಾ ಸ್ಟೇಷನ್ನಿಗೆ ಬಂದ. ದಾರಿಯಲ್ಲಿ ಇನ್ನೂ ದೇವಿಯನ್ನು ನೀರಿಗೆ ಬಿಡಲು ಹೊರಟ ಲಾರಿಗಳು, ಢಾಕ್ ಎಂಬ ಡೋಲಿನ ಸದ್ದು. ಪ್ಲಾಟ್‌ಫಾರ್ಮಿನಲ್ಲಿ ಅವನ ಮೊಬೈಲ್ ಬಡಿದುಕೊಂಡಿತು. ಮಾತಾಡಿ ಅವಳ ಕೈಗೆ ಕೊಟ್ಟ.

"ಯವ್ವಾ, ಮಂಗಳವಾರ ಯಾಕ ಹೊಂಟ್ರಿ? ಬುಧವಾರದ್ದು ಸಿಗಲಿಲ್ಲೇನು?" ಎಂದಿತು ಧಾರವಾಡದ ದನಿ.

"ಅಪ್ಪನಿಗೆ ಈ ಗಾಡಿಗೇ ಪಾಸ್ ಸಿಕ್ಕಿದ್ದು, ಅತ್ತೆ," ಎಂದಳು ಹಂಸಾ. ಅತ್ತೆ ಎಂದದ್ದು ತನಗೇ ಕೇಳಿಸಿ ಮುಖ ತಿರುಗಿಸಿಕೊಂಡಳು.

"ಇರ್ಲಿ ಬಿಡು. ನೀ ಬಂದ್ರ ಸಾಕು."

ಹಳೇ ಕಾರ್ಡ್ ಅವಳ ಕೈಚೀಲದಲ್ಲಿತ್ತು. ಅವಳ ಹಳೇ ಕಂಪ್ಯೂಟರಿಗೆ ಅದು ಸರಿಯಾಗಿ ಕೂರುತ್ತಿತ್ತು. "ಹೊಸ ಕಾರ್ಡ್ ನೀವಾಗಿ ತಗೋಬೇಡಿ. ದೀಪಾವಳಿಗೆ ಕಂಪ್ಯೂಟರ್ ಡಬ್ಬ ಹೊತ್ಕೊಂಡು ಹುಬ್ಬಳ್ಳಿಗೆ ಬನ್ನಿ. ಸರಿಯಾಗಿ ನೋಡಿ ಆರಿಸ್ತೀನಿ, ಈ ಸಲ," ಎಂದಳು ಕಿಟಕಿಯ ಸರಳಿನ ಮೂಲಕ.

"ಯಾವ ದಿನ ಬರ್ಲಿ?"

ಹಂಸಾ ಅವನನ್ನು ಸುಟ್ಟುಬಿಡುವ ಹಾಗೆ ನೋಡಿದಳು. ಗಾಡಿ ಅಲುಗಿತು. ಮಣ್ಣು ಹಿಡಿದ ಉಗುರಿನ ಬೆರಳುಗಳು ಸರಳಿನ ಮೇಲಿದ್ದ ಅವಳ ಬೆರಳನ್ನು ಹಿಡಿದು, ಪ್ಲಾಟ್‌ಫಾರ್ಮ್ ಮುಗಿಯುವ ತನಕ ಓಡುತ್ತ ಬಂದು, ಬಿಟ್ಟವು.

ಹೀಗೆ ಕೋಲ್ಕತ್ತ ಬಿಟ್ಟು ಹೊರಟವಳು ಹಂಸಾ. ಹೊರಟದ್ದು ಮಂಗಳವಾರ.