ನಿಮ್ಮ ಕಣ್ಣು ತಲುಪಿತು

"ನಮ್ಮಪ್ಪ ತೀರಿಕೊಂಡು ತಿಂಗಳುಗಳಾದ್ವು ಅಕ್ಕಾ. ನಿನ್ನೆ ಸಂಜೆ ಒಬ್ಬ ಗಿರಾಕಿಗೆ ಅವರು ಉತ್ತರ ಬರೆದಿದ್ದಾರೆ."

ಬಂದವಳು ಕುರ್ಚಿಯ ಅಂಚಿನಲ್ಲಿ ಕೂತು ಇಷ್ಟು ಹೇಳಿದ್ದೇ ತಡ, ಫೋಟೋಗ್ರಾಫರ್ ಕೈಯಲ್ಲಿದ್ದ ಚಹಾದ ಲೋಟ ತಟ್ಟೆಗೆ ಬಡಿದು ಸದ್ದು ಮಾಡಿತು. ಅವನ ಅತ್ತಿಗೆ ಮಾತ್ರ ಮಿಸುಕಾಡಲಿಲ್ಲ. ಕಳೆದುಹೋದ ಉಂಗುರದಿಂದ ಹಿಡಿದು ತಲೆಮರೆಸಿಕೊಂಡ ಗುಮಾಸ್ತನವರೆಗೆ ಆಕೆ ಹುಡುಕಿಕೊಡದಿದ್ದುದು ಕಡಿಮೆ. ಅದಕ್ಕೇ ಇಡೀ ಬೀದಿ ಆಕೆಯನ್ನು ಪತ್ತೆಯಮ್ಮ ಎನ್ನುತ್ತಿತ್ತು. ಮೈದುನನ ಸ್ಟುಡಿಯೋದ ಮಹಡಿಯ ಮೇಲೆ ಆಕೆಯ ವಾಸ. ಎಲ್ಲಿಗೆ ಹೋದರೂ ಚೀಲ ಹೊರುವುದು, ಫೋಟೋ ತೆಗೆಯುವುದು, ಇಬ್ಬರ ಪಾಲಿನ ಹೆದರಿಕೆಯನ್ನೂ ಹೆದರುವುದು ಅವನ ಕೆಲಸ.

"ನೀನು ಕಣ್ಣಿನ ಮೇಷ್ಟ್ರ ಮಗಳಲ್ವಾ? ನಿಧಾನವಾಗಿ ಹೇಳಮ್ಮ," ಎಂದಳು ಪತ್ತೆಯಮ್ಮ.

ಮೇಷ್ಟ್ರು ಕೃತಕ ಕಣ್ಣು ಮಾಡುತ್ತಿದ್ದವರು. ಒಂದು ಕಣ್ಣು ಕಳೆದುಕೊಂಡವರು ಉಳಿದ ಕಣ್ಣಿನ ಫೋಟೋ ಇಮೇಲ್ ಮಾಡಿದರೆ, ನೋಡಿದವರಿಗೆ ಭೇದ ತಿಳಿಯದಂತೆ ಅದರ ಜೋಡಿ ಮಾಡಿ ಕೊಡುತ್ತಿದ್ದರು. ಈಗ ಕಾರ್ಯಾಗಾರ ಮಗಳದ್ದು, ಬಣ್ಣದ ಕೆಲಸ ಮೇಷ್ಟ್ರ ಶಿಷ್ಯನದ್ದು.

"ವೆಬ್‌ಮೇಲ್ ನಾನೇ ತೆಗೆದು ನೋಡ್ತೀನಿ. ಮಧ್ಯಾಹ್ನ ಕಂಡ ಪತ್ರ ಮಾರನೇ ದಿನ ಇರಲ್ಲ. ಜೊತೆಗೆ ಗಿರಾಕಿಗಳಿಗೆ ಇಂಥ ಉತ್ತರ ಹೋಗ್ತಿದೆ. ಕಳಿಸಿದ ಪತ್ರಗಳ ಕಡೆ ಹುಡುಕಿದ್ರೆ ಒಂದೂ ಸಿಗಲ್ಲ."

ಅವಳು ಒಬ್ಬ ಗಿರಾಕಿ ತೋರಿಸಿದ ಉತ್ತರವನ್ನು ಫೋನಿನಲ್ಲಿ ತೆರೆದು ಹಿಡಿದಳು. ಫೋಟೋಗ್ರಾಫರ್ ಬಗ್ಗಿ ಓದಿದ. "ನಿಮ್ಮ ಕಣ್ಣು ತಲುಪಿತು. ಬಣ್ಣ ಚೆನ್ನಾಗಿದೆ. ನಾನು ನೋಡುತ್ತಿದ್ದೇನೆ. ಸ್ವಲ್ಪ ಕಾಯಿರಿ." ಕೆಳಗೆ ಮೇಷ್ಟ್ರ ಹೆಸರು. ಅವನು ಮೆಲ್ಲಗೆ ಎದ್ದು ಹೋಗಿ ಕಿಟಕಿ ಮುಚ್ಚಿದ.

"ಅಪ್ಪ ಹೋದದ್ದು ಎಲ್ಲರಿಗೂ ಗೊತ್ತು. ಇದನ್ನ ಓದಿದವರು ಹೆದರಿಕೊಂಡು ಎದುರಿನ ಕಣ್ಣಿನ ಅಂಗಡಿಗೆ ಹೋಗ್ತಿದ್ದಾರೆ. ಎರಡು ಸಲ ಪಾಸ್‌ವರ್ಡ್ ಬದಲಾಯಿಸ್ದೆ. ಬದಲಾಯಿಸಿದ ಸಂಜೆಯೇ ಮತ್ತೆ ಉತ್ತರ."

"ಯಾವಾಗಲೂ ಸಂಜೆಯೇನಾ?"

"ಹೂಂ. ಆ ಹೊತ್ತಲ್ಲಿ ಕಾರ್ಯಾಗಾರದಲ್ಲಿ ಇರೋನು ಶಿಷ್ಯ ಒಬ್ಬನೇ. ಎದುರಂಗಡಿಯವರು ಅವನನ್ನ ಕೆಲಸಕ್ಕೆ ಕರೀತಾನೇ ಇದ್ದಾರೆ. ಅವನೇ ನನ್ನ ಹಿಂದೆ ನಿಂತು ಪಾಸ್‌ವರ್ಡ್ ನೋಡ್ಕೊಂಡಿರಬೇಕು. ಪೊಲೀಸರಿಗೆ ಹೇಳಿ ಹೊರಗೆ ಹಾಕಿಬಿಡ್ತೀನಿ." ಅವಳು ಫೋನನ್ನು ಮಡಿಲಿಗೆ ಇಳಿಸಿದಳು. "ಚಿಕ್ಕಂದಿನಿಂದ ಅಪ್ಪನ ಪಕ್ಕ ಕೂತು ಕಲಿತವನು ಅಕ್ಕಾ. ಆ ಬಣ್ಣ ಕಲಸೋದು ಅವನಿಗಲ್ದೆ ಇನ್ಯಾರಿಗೂ ಬರಲ್ಲ. ಅವನು ಹೋದ್ರೆ ಅಪ್ಪ ಇನ್ನೊಂದು ಸಲ ಸತ್ತಂಗೆ."

"ನಿಮ್ಮಮ್ಮ ಏನಂತಾರೆ?"

"ಅಮ್ಮಂಗೆ ಹೇಳಿಲ್ಲ. ತಡ್ಕೊಳ್ಳಲ್ಲ."

ಅವರು ಕಾರ್ಯಾಗಾರ ತಲುಪುವಷ್ಟರಲ್ಲಿ ದೀಪ ಹಚ್ಚಿಯಾಗಿತ್ತು. ಗೋಡೆಯುದ್ದಕ್ಕೂ ತಟ್ಟೆಗಳಲ್ಲಿ ಕಣ್ಣುಗಳು ಸಾಲಾಗಿ ಕೂತಿದ್ದವು: ಕಪ್ಪು, ಕಂದು, ಬೂದು, ಪೊರೆ ಬಂದಂತೆ ಮಸುಕಾದವು. ಫೋಟೋಗ್ರಾಫರ್ ಎಡಕ್ಕೆ ಸರಿದರೆ ಎಲ್ಲವೂ ಎಡಕ್ಕೆ ನೋಡಿದಂತಾಯಿತು. ಅವನು ಅತ್ತಿಗೆಯ ಬೆನ್ನಿಗೆ ಅಂಟಿಕೊಂಡೇ ನಡೆದ. ಮೂಲೆಯ ಮೇಜಿನಲ್ಲಿ ಶಿಷ್ಯ ತಲೆ ಬಗ್ಗಿಸಿ, ಕೂದಲೆಳೆಯಂಥ ಕುಂಚದಿಂದ ಒಂದು ಕಣ್ಣಿಗೆ ಕೆಂಪು ನರ ಎಳೆಯುತ್ತಿದ್ದ. ತನ್ನ ಮೇಲೆ ಅನುಮಾನವಿದೆ ಎಂದು ಅವನಿಗೆ ಗೊತ್ತಿತ್ತು. ಗೆರೆ ಎಲ್ಲೂ ತಪ್ಪಲಿಲ್ಲ, ಮುಖ ಮಾತ್ರ ಬಾಡಿತ್ತು.

ಒಳಗಿನಿಂದ ಮೇಷ್ಟ್ರ ಹೆಂಡತಿ ಬಂದರು. ಸೊಂಟದ ಕೀಲಿಗೊಂಚಲು ಅವರಿಗಿಂತ ಮೊದಲು ಸದ್ದು ಮಾಡಿತು.

"ಈ ಮನೇಲಿ ಹೊಸ ಬೀಗ ಬಂದ್ರೆ ಮೊದಲ ಕೀಲಿಕೈ ಅಮ್ಮಂದೇ," ಎಂದಳು ಮಗಳು. "ಹೊಸ ಪಾಸ್‌ವರ್ಡ್ ಕೂಡ ಹೇಳ್ಬೇಕು. ಅದೇನಂತ ಅವರಿಗೆ ತಿಳಿಯಲ್ಲ, ಆದ್ರೆ ಹೇಳದಿದ್ರೆ ಮುಖ ಊದಿಸ್ತಾರೆ."

ಪತ್ತೆಯಮ್ಮ ಮೇಷ್ಟ್ರ ಕೋಣೆ ನೋಡಬೇಕೆಂದಾಗ ತಾಯಿ ಒಲ್ಲದ ಮನಸ್ಸಿನಿಂದ ಬಾಗಿಲು ತೆಗೆದರು. ಮೊಳೆಗೆ ಕೋಟು ನೇತಾಡುತ್ತಿತ್ತು. ಮೇಜಿನ ಮೇಲೆ ಮಡಿಸಿದ ಕನ್ನಡಕ, ಅದರ ಪಕ್ಕ ಮುಚ್ಚಳ ತೆಗೆದ ಪೆನ್ನು. ಎಲ್ಲಿಯೂ ಒಂದು ಚೂರು ಧೂಳಿಲ್ಲ. ಯಾರೋ ಈಗಷ್ಟೇ ಎದ್ದು ಪಕ್ಕದ ಕೋಣೆಗೆ ಹೋದ ಹಾಗಿತ್ತು. ಮಗಳು ಹೊಸ್ತಿಲ ಆಚೆಯೇ ನಿಂತಿದ್ದಳು.

"ನೀನು ಬರಲ್ವಾ?"

"ಅಪ್ಪ ಹೋದ ಮೇಲೆ ಈ ಕೋಣೆಗೆ ಕಾಲಿಟ್ಟಿಲ್ಲ ಅಕ್ಕಾ. ಆಗಲ್ಲ."

"ಈ ಕಂಪ್ಯೂಟರು?"

"ಹಳೇದು. ಅಪ್ಪ ಹಾಡು ಕೇಳೋಕೆ ಇಟ್ಕೊಂಡಿದ್ರು."

ಪತ್ತೆಯಮ್ಮ ಮೇಜಿನ ಕೆಳಗಿದ್ದ ಕಂಪ್ಯೂಟರ್ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟಳು, ತೆಗೆದಳು. ಹೊರಗೆ ಬಂದಮೇಲೆ ಮಗಳಿಗೆ, "ಪೊಲೀಸರ ಮಾತು ಸದ್ಯಕ್ಕೆ ಬೇಡ. ನಾಳೆ ಮಧ್ಯಾಹ್ನ ಮತ್ತೆ ಪಾಸ್‌ವರ್ಡ್ ಬದಲಾಯಿಸು. ಯಾವತ್ತಿನ ಹಾಗೇ ನಡ್ಕೋ," ಎಂದಳು. ಮೈದುನನಿಗೆ, "ನೀನು ಬೆಳಿಗ್ಗೆಯಿಂದ ಆ ಹುಡುಗನನ್ನ ಸ್ಟುಡಿಯೋದಲ್ಲಿ ಕೂರಿಸ್ಕೋ. ಫೋನ್ ತೆಗೆದಿಟ್ಕೋ. ಸಂಜೆ ಮೇಷ್ಟ್ರ ವಿಳಾಸಕ್ಕೆ ಒಂದು ಫೋಟೋ ಕಳಿಸು."

"ಯಾರ ಕಣ್ಣು ಅತ್ತಿಗೆ?"

"ನಿನ್ನ ಅಂಗಿಯ ಗುಂಡಿ."

ಮಾರನೇ ದಿನ ಶಿಷ್ಯ ಸ್ಟುಡಿಯೋದಲ್ಲಿ ಕೂತಿದ್ದ. ಅವನ ಫೋನು ಫೋಟೋಗ್ರಾಫರನ ಡ್ರಾಯರಿನಲ್ಲಿತ್ತು, ಡ್ರಾಯರಿನ ಕೀಲಿ ಜೇಬಿನಲ್ಲಿ. ಬೆಳಕು ಇಳಿಯುತ್ತಿದ್ದಂತೆ ಫೋಟೋಗ್ರಾಫರ್ ತನ್ನ ಕಂದು ಗುಂಡಿಯ ಫೋಟೋ ಕಳಿಸಿದ.

"ಅಣ್ಣಾ, ನೀವೂ ನಂಬ್ತೀರಾ ನಾನೇ ಅಂತ?" ಎಂದು ಶಿಷ್ಯ ಕೇಳಿದ.

ಉತ್ತರಿಸಲು ಬಾಯಿ ತೆರೆಯುವಷ್ಟರಲ್ಲಿ ಫೋಟೋಗ್ರಾಫರನ ಫೋನು ಟಣ್ ಎಂದಿತು. ನಿಮ್ಮ ಕಣ್ಣು ತಲುಪಿತು. ಬಣ್ಣ ಚೆನ್ನಾಗಿದೆ. ನಾನು ನೋಡುತ್ತಿದ್ದೇನೆ. ಎದುರಿಗೆ ಶಿಷ್ಯ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಹಾಗಾದರೆ ನೋಡುತ್ತಿದ್ದವರು ಯಾರು? ಫೋಟೋಗ್ರಾಫರ್ ಅಂಗಿಯ ಗುಂಡಿಯನ್ನು ಅಂಗೈಯಿಂದ ಮುಚ್ಚಿಕೊಂಡು, ಶಿಷ್ಯನನ್ನು ಎಳೆದುಕೊಂಡೇ ಕಾರ್ಯಾಗಾರಕ್ಕೆ ಓಡಿದ.

ಅಲ್ಲಿ ಪತ್ತೆಯಮ್ಮ ಎಲ್ಲರನ್ನೂ ಮೇಷ್ಟ್ರ ಕೋಣೆಯ ಬಾಗಿಲಿಗೆ ಸೇರಿಸಿದಳು. ಒಳಗೆ ದೀಪ ಉರಿಯುತ್ತಿತ್ತು. ತಾಯಿ ಒರೆಸುವ ಬಟ್ಟೆ ಹಿಡಿದು ಗಲಿಬಿಲಿಯಿಂದ ನಿಂತಿದ್ದರು. ಹಳೇ ಕಂಪ್ಯೂಟರಿನ ತೆರೆ ಮಂಕಾಗಿ ಬೆಳಗುತ್ತಿತ್ತು.

"ಮೊದಲು ಈ ಹುಡುಗನ ವಿಚಾರ," ಎಂದಳು ಪತ್ತೆಯಮ್ಮ. "ಇವತ್ತು ಬದಲಾದ ಪಾಸ್‌ವರ್ಡ್ ಅವನಿಗೆ ಗೊತ್ತಿರೋಕೆ ಸಾಧ್ಯವಿಲ್ಲ. ಕೈಯಲ್ಲಿ ಫೋನೂ ಇರ್ಲಿಲ್ಲ, ಇಲ್ಲಿ ಅವನೂ ಇರ್ಲಿಲ್ಲ. ಆದ್ರೂ ಉತ್ತರ ಬಂತು. ಅವನು ಕಳ್ಳನಲ್ಲ."

ಶಿಷ್ಯ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡ.

"ಎರಡನೇದು ಗುಂಡಿ. ಮನುಷ್ಯರಾಗಿದ್ರೆ ಗುಂಡಿ ನೋಡಿ ನಗ್ತಿದ್ರು, ಇಲ್ಲ ಬೈತಿದ್ರು. ದೆವ್ವ ಆಗಿದ್ರೂ ಅಷ್ಟೇ, ಮೇಷ್ಟ್ರ ದೆವ್ವಕ್ಕೆ ಗುಂಡಿ ಯಾವುದು ಕಣ್ಣು ಯಾವುದು ತಿಳಿಯಲ್ವಾ? ಎಲ್ಲರಿಗೂ ಅವೇ ಮಾತು. ನೋಡದೆ ಉತ್ತರ ಕೊಡೋದು ಯಂತ್ರ ಮಾತ್ರ. ಆ ಯಂತ್ರ ಯಾವುದು? ನಿನ್ನೆ ಹಾಡಿನ ಪೆಟ್ಟಿಗೆ ಮುಟ್ಟಿದೆ. ಬೆಚ್ಚಗಿತ್ತು."

"ಆದ್ರೆ ಮೇಲ್ ಇರೋದು ವೆಬ್‌ನಲ್ಲಲ್ವಾ ಅಕ್ಕಾ?"

"ಅದೊಂದು ನೀರಿನ ತೊಟ್ಟಿ ಅನ್ಕೋ. ನೀನು ಹೋಗಿ ತೊಟ್ಟಿಗೆ ಇಣುಕಿ ನೋಡ್ತಿದ್ದೆ. ನಿಮ್ಮಪ್ಪ ತೊಟ್ಟಿಗೆ ಕೊಳವೆ ಹಾಕಿ ಮನೆಗೆ ಎಳ್ಕೊಂಡಿದ್ರು. ಅಂದ್ರೆ ಆ ಖಾತೆಯನ್ನ ಈ ಕಂಪ್ಯೂಟರಿನ ಮೇಲ್ ಪ್ರೋಗ್ರಾಂಗೆ ಜೋಡಿಸಿದ್ರು. ಜೋಡಿಸುವಾಗ ಅದು ಕೇಳುತ್ತೆ, ಪತ್ರ ಇಳಿಸಿಕೊಂಡ ಮೇಲೆ ಒಂದು ಪ್ರತಿ ಅಲ್ಲೇ ಬಿಡಲಾ ಅಂತ. ಮೇಷ್ಟ್ರು ಬೇಡ ಅಂದಿದ್ದಾರೆ. ಹಾಗಾಗಿ ಇದನ್ನ ಹಚ್ಚಿದ ಕೂಡಲೇ ಪತ್ರ ಎಲ್ಲ ಇಲ್ಲಿಗೆ ಬರುತ್ತೆ, ಅಲ್ಲಿ ಖಾಲಿ. ಉತ್ತರದ ಪ್ರತಿಯೂ ಇಲ್ಲೇ. ಆಸ್ಪತ್ರೆಗೆ ಹೋಗೋ ಮುಂಚೆ, ಗಿರಾಕಿಗಳು ಕಾದು ಬೇಸರಪಡಬಾರದು ಅಂತ, ಬಂದ ಪತ್ರಕ್ಕೆಲ್ಲ ಈ ಸಾಲು ಕಳಿಸು ಅಂತ ಇದಕ್ಕೆ ಹೇಳಿಟ್ಟು ಹೋದ್ರು. ವಾಪಸ್ ಬರಲಿಲ್ಲ. ಸಾಲು ಹಾಗೇ ಉಳೀತು."

"ಹಾಗಾದ್ರೆ ಹಚ್ಚೋರು..." ಮಗಳು ತಾಯಿಯತ್ತ ತಿರುಗಿದಳು.

"ಈ ಕೋಣೆಯ ಕೀಲಿ ಯಾರ ಹತ್ರ ಇದೆಯೋ ಅವರು. ಹೊಸ ಪಾಸ್‌ವರ್ಡನ್ನ ನೀನೇ ಯಾರಿಗೆ ಹೇಳ್ತೀಯೋ ಅವರು."

ತಾಯಿ ಬಟ್ಟೆಯನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು.

"ಸಂಜೆ ಆದ್ರೆ ಅವರು ದೀಪ ಹಚ್ಚಿ, ಇದನ್ನೂ ಹಚ್ತಿದ್ರು. ಅವರು ಹೋದ ಮೇಲೆ ನಾನು ಹಚ್ತೀನಿ. ಹಚ್ಚಿದ್ರೆ ಟಣ್ ಟಣ್ ಅಂತ ಸದ್ದು ಬರುತ್ತೆ, ಅವರಿದ್ದಾಗ ಬರ್ತಿದ್ದ ಹಾಗೇ. ಒಂದಿನ ಸದ್ದು ನಿಂತುಹೋಯ್ತು. ಒಂದು ಚೌಕ ಬಂತು. ಅದರಲ್ಲಿ ಅವರ ಹೆಸರಿತ್ತು, ಕೆಳಗೆ ಖಾಲಿ ಜಾಗ. ಪಾಸ್‌ವರ್ಡ್ ಹೇಳು ಅಂತಿತ್ತು." ತಾಯಿಯ ದನಿ ಇಳಿಯಿತು. "ಅವತ್ತು ಬೆಳಿಗ್ಗೆ ತಾನೇ ನೀನು ನಂಗೆ ಹೇಳಿದ್ದೆ. ನೀನು ಅವರಿಗೆ ಹೇಳಿಲ್ಲ ಅಂತ ಅನ್ನಿಸ್ತು. ಅವರು ಕೇಳಿದ್ರು, ಕೊಟ್ಟೆ. ಮತ್ತೆ ಕೇಳಿದ್ರು, ಮತ್ತೆ ಕೊಟ್ಟೆ. ಯಾರಿಗಾದ್ರೂ ಹೇಳಿದ್ರೆ ಕೇಳೋದು ನಿಲ್ಲಿಸಿಬಿಡ್ತಾರೇನೋ ಅಂತ ಭಯ."

ಫೋಟೋಗ್ರಾಫರ್ ಗುಂಡಿಯ ಮೇಲಿಂದ ಕೈ ತೆಗೆದ.

"ಹಂಗಾದ್ರೆ ಅವರು ಕೇಳ್ಲಿಲ್ವಾ?" ಎಂದರು ತಾಯಿ.

ಪತ್ತೆಯಮ್ಮ ಅವರ ಕೈ ಹಿಡಿದುಕೊಂಡಳು. "ಇಲ್ಲಮ್ಮ. ಯಂತ್ರ ಕೇಳ್ತು. ಆದ್ರೆ ಅದರಿಂದ ಹೋಗ್ತಿದ್ದ ಮಾತು ಅವರದ್ದೇ."

ಮಗಳು ಹೊಸ್ತಿಲು ದಾಟಿ ಬಂದು ತಾಯಿಯನ್ನು ಅಪ್ಪಿಕೊಂಡು ಗಟ್ಟಿಯಾಗಿ ಅತ್ತಳು. ಕಣ್ಣೊರೆಸಿಕೊಂಡು ಶಿಷ್ಯನ ಮುಂದೆ ನಿಂತು, "ನಿನ್ನ ಮೇಲೆ ಅನುಮಾನಪಟ್ಟೆ ಕಣೋ. ತಪ್ಪಾಯ್ತು," ಎಂದಳು.

ತಾಯಿಗೆ ಆಗ ಅರ್ಥವಾಯಿತು. "ಇವನನ್ನ ಕಳ್ಳ ಅಂದ್ರಾ? ನನ್ನಿಂದ?"

ಅವರು ಕೀಲಿಗೊಂಚಲಿಗೆ ಕೈ ಹಾಕಿದರು. ಬಿಗಿಯಾಗಿದ್ದ ಬಳೆಯಿಂದ ಆ ಕೋಣೆಯ ಕೀಲಿಯನ್ನು ಬಿಡಿಸಲು ಬಹಳ ಹೊತ್ತು ಹಿಡಿಯಿತು. ಆ ಗೊಂಚಲಿನಿಂದ ಕೀಲಿ ಹೊರಬಿದ್ದುದನ್ನು ಮಗಳು ಅಲ್ಲಿಯವರೆಗೆ ಕಂಡಿರಲಿಲ್ಲ. ತಾಯಿ ಅದನ್ನು ಶಿಷ್ಯನ ಬಣ್ಣದ ಕಲೆ ಉಳಿದಿದ್ದ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು. ಆಮೇಲೆ ಗಂಡನ ಕುರ್ಚಿಯನ್ನು ತಾವೇ ಎಳೆದರು.

"ಕೂತ್ಕೋ ಮಗಾ. ಇದರೊಳಗೆ ಎಷ್ಟು ಜನರ ಕಣ್ಣು ಬಂದು ಕೂತಿದೆಯೋ. ಕಾಯಿರಿ ಅಂತ ನಿಮ್ಮ ಮೇಷ್ಟ್ರು ಮಾತು ಕೊಟ್ಟಿದ್ದಾರೆ. ಇನ್ನೂ ಕಾಯಿಸಬೇಡ, ಶುರು ಮಾಡು."