ಇನ್ನೊಂದು ಉಲ್ಲನ್ ಚೀಲ

"ಅಯ್ಯೋ, ನನ್ನ ಉಲ್ಲನ್!"

ಅತ್ತಿಗುಪ್ಪೆ ಸ್ಟಾಪಿನಿಂದ ಬಸ್ಸು ಗಕ್ಕನೆ ಹೊರಟಿದ್ದೇ ತಡ, ವರಲಕ್ಷ್ಮಿಯ ಮಡಿಲಿನಿಂದ ಹಳದಿ ಉಂಡೆ ಜಿಗಿಯಿತು. ಸೀಟುಗಳ ಕೆಳಗೆ ಉರುಳುತ್ತಾ ಗಂಡಸರ ಕಡೆಗೆ ಓಡಿಯೇಬಿಟ್ಟಿತು!

ಅದು ಎರಡು ಸಾವಿರದ ನಾಲ್ಕನೇ ಇಸವಿ. ಲಗ್ಗೆರೆಯ ಆಚೆ ಒಂದು ಗಾರ್ಮೆಂಟ್ಸ್‌ನಲ್ಲಿ ಅವಳಿಗೆ ಬಟ್ಟೆ ತಪಾಸಣೆಯ ಕೆಲಸ. ಹೋಗುವಾಗ, ಬರುವಾಗ ಬಸ್ಸಿನಲ್ಲೇ ಎಳೆಮಕ್ಕಳ ಸ್ವೆಟರ್ ಹೆಣೆಯುತ್ತಿದ್ದಳು. ಕೈ ಸುಮ್ಮನಿದ್ದರೆ ಅವಳಿಗೆ ತಲೆನೋವು ಬರುತ್ತಿತ್ತು.

"ತುಳೀಬೇಡಿ! ಪ್ಲೀಸ್, ಕಾಲೆತ್ತಿ!"

ಹಿಂದಿನ ಬಾಗಿಲ ಹತ್ತಿರ ಒಬ್ಬ ಎತ್ತರದ ಆಳು ಒಂಟಿ ಕಾಲಲ್ಲಿ ನಿಂತಿದ್ದ. ಇನ್ನೊಂದು ಕಾಲಿಗೆ ಅವಳ ಉಲ್ಲನ್ ಸುತ್ತಿಕೊಂಡಿತ್ತು. ಅವನು ಗಡಿಬಿಡಿ ಮಾಡಲಿಲ್ಲ. ಎಳೆ ಬಿಡಿಸಿ, ಉಂಡೆ ಸುತ್ತುತ್ತಾ ಸುತ್ತುತ್ತಾ ಒಂದೊಂದೇ ಸೀಟು ದಾಟಿ ಅವಳ ಮುಂದೆ ಬಂದು ನಿಂತ.

"ತಗೋರಿ. ನಾಯಿಮರಿಗೂ ಒಂದು ಹಗ್ಗ ಕಟ್ತಾರ. ಇದನ್ನ ಹಿಂಗ ಬಿಟ್ಟೀರಲ್ಲ!"

ಸುತ್ತಲಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ವರಲಕ್ಷ್ಮಿಗೆ ಮೈಯೆಲ್ಲಾ ಉರಿಯಿತು.

"ಕವರಲ್ಲೇ ಇಟ್ಟಿದ್ದೆ. ಕವರ್ ಹರಿದೋಯ್ತು, ನಾನೇನ್ ಮಾಡ್ಲಿ?"

"ತೊಗಲಿನ್ಯಾಗ ಒಂದು ಚೀಲ ಮಾಡಿಕೊಡ್ತೀನ್ರಿ. ಸೊಂಟಕ್ಕ ಕಟ್ಕೊಂಡ್ರ ನಿಂತಾದ್ರೂ ಹೆಣೀಬಹುದು. ಲಗ್ಗೆರೆ ಸ್ಟಾಪಿನ್ಯಾಗ ಚಪ್ಪಲಿ ಹೊಲೀತೀನಿ. ಬಾಳೇಶ ಅಂತ."

'ಚಪ್ಪಲಿ ಹೊಲಿಯೋರಿಗೆ ಉಲ್ಲನ್ ಬಗ್ಗೆ ಏನು ಗೊತ್ತು?' ಎಂದುಕೊಂಡಳು. ಅಂದುಕೊಂಡಿದ್ದು ಸೋಮವಾರ. ಗುರುವಾರ ಅವನ ಪೆಟ್ಟಿಗೆ ಅಂಗಡಿಯ ಮುಂದೆ ನಿಂತಿದ್ದಳು!

ಬಾಳೇಶ ಅಥಣಿ ಕಡೆಯವನು. ಮಾತು ಕಮ್ಮಿ, ಕೆಲಸದಲ್ಲಿ ಮಾತ್ರ ಮಹಾ ಹಟಮಾರಿ. ಮೊದಲು ಅವಳನ್ನು ಕೂರಿಸಿ ಹತ್ತು ನಿಮಿಷ ಹೆಣೆಯಲು ಹೇಳಿದ. ಎಳೆ ಯಾವ ಕಡೆಯಿಂದ ಬರುತ್ತದೆ, ಎಷ್ಟು ಜಗ್ಗುತ್ತದೆ ಎಂದು ಕಣ್ಣು ಕಿರಿದು ಮಾಡಿ ನೋಡಿದ. ಸೊಂಟದ ಅಳತೆಗೆ ಟೇಪು ಹಿಡಿಯಲಿಲ್ಲ.

"ನಿಮ್ಮ ಉಲ್ಲನ್ನೇ ಸುತ್ತಿ ಅಳತಿ ಕೊಡ್ರಿ" ಎಂದು ಆ ಕಡೆ ತಿರುಗಿ ಕೂತ.

ಅವನ ಕಿವಿ ಕೆಂಪಗಾಗಿದ್ದು ಅವಳಿಗೆ ಕಂಡಿತು. ಕಾಣದವಳ ಹಾಗೆ ಇರುವುದು ಕಷ್ಟವಾಯಿತು.

ಮೊದಲ ಚೀಲದಲ್ಲಿ ಎಳೆ ಹೊರಬರುವ ತೂತಿನ ಅಂಚು ಒರಟಾಗಿತ್ತು. ಉಲ್ಲನ್ ಜುಂಗು ಎದ್ದಿತು. "ಪರವಾಗಿಲ್ಲ ಬಿಡಿ" ಎಂದಳು ವರಲಕ್ಷ್ಮಿ. ಅವನು ಆ ಚೀಲ ಬಿಚ್ಚಿ ಬದಿಗೆಸೆದ. ಮೆತ್ತನೆಯ ಆಡಿನ ತೊಗಲು ತಂದು ಮತ್ತೆ ಕತ್ತರಿಸಿದ. ತೂತಿಗೆ ಬೂಟಿನ ಲೇಸ್ ತೂರಿಸುವ ಹಿತ್ತಾಳೆಯ ಬಳೆ ಕೂರಿಸಿದ. ಅಂಚಿಗೆ ಮೇಣ ತಿಕ್ಕಿ, ಗಾಜಿನ ಬಾಟಲಿಯ ಬೆನ್ನಿನಿಂದ ಉಜ್ಜಿ ಉಜ್ಜಿ ನುಣುಪು ಮಾಡಿದ. ಪಕ್ಕದಲ್ಲಿ ಕಡ್ಡಿಗಳಿಗೆಂದು ಒಂದು ಉದ್ದನೆಯ ಜೇಬು ಬೇರೆ.

ಎರಡು ವಾರ ಬೆಳಿಗ್ಗೆ ಸಂಜೆ ಇದೇ ನೆಪ. ಚೀಲ ಸಿದ್ಧವಾಗುವುದು ಬೇಡ ಎಂದು ಅವಳಿಗೆ ಅನ್ನಿಸತೊಡಗಿದಾಗಲೇ ಸಿದ್ಧವಾಯಿತು. ಶುಕ್ರವಾರ ಬಸ್ಸಿನಲ್ಲಿ ಕಂಬಕ್ಕೆ ಒರಗಿ ನಿಂತು ಹೆಣೆದಳು. ಎಳೆ ಸರಾಗವಾಗಿ ಬಂತು. ಉಂಡೆ ಮಿಸುಕಲಿಲ್ಲ.

ಅವಳಿಗೆ ಅವನು ಇಷ್ಟವಾಗಿದ್ದ. ಸುತ್ತಿ ಬಳಸಿ ಹೇಳುವುದೇನಿದೆ? ಆದರೆ ಭಾನುವಾರ ಸಂಜೆ ನಾಲ್ಕಕ್ಕೆ ಬ್ಯಾಡರಹಳ್ಳಿಯಿಂದ ಗಂಡಿನ ಕಡೆಯವರು ನೋಡಲು ಬರುವವರಿದ್ದರು. ಅಮ್ಮ ರಾಮಕ್ಕ ಒಂದೇ ಮಾತು ಹೇಳಿದ್ದಳು. "ಈ ಸಲ ಹೂಂ ಅಂತೀಯೋ, ಊಹೂಂ ಅಂತೀಯೋ, ಅಲ್ಲೇ ಹೇಳ್ಬಿಡು. ನನಗೂ ಸಾಕಾಗಿದೆ ಕಣೇ."

'ನಾಳೆ ಬಾಳೇಶಂಗೆ ಹೇಳಿಬಿಡ್ತೀನಿ...' ಎಂದು ನಿರ್ಧರಿಸಿದಳು.

ಶನಿವಾರ ಬಸ್ಸಿಳಿದವಳು ಅಂಗಡಿಯ ಮುಂದೆ ನಿಂತುಬಿಟ್ಟಳು. ಒಳಗೆ ಮೊಳೆಗೆ ಇನ್ನೊಂದು ಚೀಲ ನೇತಾಡುತ್ತಿತ್ತು. ಅದೇ ತೊಗಲು, ಅದೇ ಹಿತ್ತಾಳೆ ಬಳೆ, ಅದೇ ಉದ್ದನೆಯ ಜೇಬು!

"ಇದ್ಯಾರಿಗೆ?"

ಬಾಳೇಶ ತಡವರಿಸಿದ. "ಅದು... ಅದು ಯಾರಿಗೂ ಕೊಡೂದಲ್ರಿ..."

"ಮತ್ತೆ ಯಾಕೆ ಮಾಡಿದ್ರಿ?"

ಅವನು ತಲೆ ತಗ್ಗಿಸಿದ.

'ಹೆಣೆಯೋಳು ಇನ್ನೊಬ್ಬಳಿದಾಳೆ. ನಾನೊಬ್ಬಳು ಪೆದ್ದಿ!' ವರಲಕ್ಷ್ಮಿ ಸೊಂಟದ ಚೀಲ ಬಿಚ್ಚಿ ಅವನ ಪೆಟ್ಟಿಗೆಯ ಮೇಲಿಟ್ಟಳು. "ಅವರಿಗೇ ಎರಡೂ ಕೊಡಿ. ನಾಳೆ ನನ್ನ ನೋಡೋಕೆ ಗಂಡಿನೋರು ಬರ್ತಾ ಇದಾರೆ."

ಅವನು ಎದ್ದು ನಿಂತ. ಅವಳು ತಿರುಗಿ ನೋಡದೆ ನಡೆದಳು. ಮಧ್ಯಾಹ್ನ ಗಾರ್ಮೆಂಟ್ಸಿನ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಭಾನುವಾರ ಬೆಳಿಗ್ಗೆ ಹೂವಿಗೆಂದು ಹೊರಟಾಗ ಅವಳ ಎಡಗಾಲಿನ ಚಪ್ಪಲಿ ಕಿತ್ತುಬಂತು. ಅತ್ತಿಗುಪ್ಪೆ ಸರ್ಕಲ್ಲಿನಲ್ಲಿ ದ್ಯಾಮಪ್ಪ ಎಂಬ ಮುದುಕ ಚಪ್ಪಲಿ ಹೊಲಿಯುತ್ತಿದ್ದ. ಅವನು ಎಡಗಾಲಿನದನ್ನು ಹೊಲಿದು, ಕೈಚಾಚಿ ಬಲಗಾಲಿನದನ್ನೂ ಕೇಳಿದ.

"ಅದು ಚೆನ್ನಾಗೇ ಇದೆ ತಾತ."

"ಇರಲಿ ಕೊಡವ್ವ, ಒಂದು ಟಾಕಿ ಹೊಲಿಗಿ ಹಾಕ್ತೀನಿ. ನಮ್ಮ ಅಥಣಿ ಕಡೆ ಮಂದಿ ಒಂಟಿ ಕೆಲಸ ಮಾಡಂಗಿಲ್ಲ. ತೊಗಲು ಕತ್ತರಿಸಿದ್ರ ಜೋಡೀನ ಕತ್ತರಿಸೂದು. ನಮ್ಮಪ್ಪ ಹಂಗ ಕಲಿಸ್ಯಾನ."

"ಚಪ್ಪಲಿ ಸರಿ. ಚೀಲ ಮಾಡಿದ್ರೆ?"

"ಚೀಲಾನೂ ಎರಡ! ಒಂದು ಕೇಳಿದವರಿಗೆ ಕೊಡೂದು, ಇನ್ನೊಂದು ಮಾರೂದು."

ಹೊಲಿದ ಚಪ್ಪಲಿ ಕಾಲಿಗೇರಿಸುತ್ತಿದ್ದ ವರಲಕ್ಷ್ಮಿ ಹಾಗೇ ನಿಂತಳು. 'ಮಾರೋದು... ಬಾಳೇಶ ಯಾರಿಗೂ ಕೊಡೋದಲ್ಲ ಅಂದ್ರಲ್ಲ!'

ಹೂವು ಮರೆತೇಹೋಯಿತು. ಸಿಕ್ಕ ಮೊದಲ ಬಸ್ಸು ಹತ್ತಿ ಲಗ್ಗೆರೆಯಲ್ಲಿ ಇಳಿದಳು.

ಬಾಳೇಶ ಒಂದು ಬೂಟಿಗೆ ಕಪ್ಪು ಹಚ್ಚುತ್ತಿದ್ದ. ಅವಳನ್ನು ಕಂಡು ಬ್ರಷ್ ಕೆಳಗಿಟ್ಟ.

"ಜೋಡಿ ಮಾಡೋದು ನಿಮ್ಮಲ್ಲಿ ಪದ್ಧತಿ ಅಂತ ಯಾಕೆ ಹೇಳಲಿಲ್ಲ?"

"ಹೇಳಿದ್ರ ಯಾಕ ಮಾರಲಿಲ್ಲ ಅಂತ ಕೇಳ್ತಿದ್ರಿ."

"ಈಗ ಕೇಳ್ತಾ ಇದೀನಿ."

ಅವನು ಮೊಳೆಗೆ ತೂಗುಹಾಕಿದ್ದ ಚೀಲ ಇಳಿಸಿ ಕೈಯಲ್ಲಿ ಹಿಡಿದ. "ನಿಮ್ಮದರ ಜೋಡಿ ಅದು... ಬ್ಯಾರೆಯವರ ಸೊಂಟದ ಮ್ಯಾಲ ನೋಡಾಕ ನನ್ನಿಂದ ಆಗಂಗಿಲ್ರಿ."

ಅವಳ ಕಣ್ಣು ತುಂಬಿತು. "ಇದನ್ನ ನಿನ್ನೆ ಹೇಳೋಕೆ ಏನಾಗಿತ್ತು ನಿಮಗೆ?"

"ನಾವು ತೊಗಲಿನ ಕೆಲಸದವರ್ರಿ. ನಿಮ್ಮ ಮನ್ಯಾಗ ನನ್ನ ಹೊಸ್ತಿಲ ಒಳಗ ಕರೀತಾರೇನು?"

ಆ ಪ್ರಶ್ನೆಗೆ ಉತ್ತರ ಹೇಳಬೇಕಾದವಳು ಅಮ್ಮ. ಮನೆಯಲ್ಲಿ ಬೇರೆ ಹಿರಿಯರಿರಲಿಲ್ಲ. ವರಲಕ್ಷ್ಮಿ ನೇರವಾಗಿ ಪಕ್ಕದ ಅಂಗಡಿಯ ಕಾಯಿನ್ ಫೋನಿಗೆ ಹೋಗಿ ಮನೆಗೆ ಫೋನ್ ಮಾಡಿದಳು.

"ಅಮ್ಮ, ಬ್ಯಾಡರಹಳ್ಳಿಯವರಿಗೆ ಬರಬೇಡಿ ಅಂದ್ಬಿಡು. ಬೇರೆಯೋರು ಬರ್ತಾರೆ."

"ಯಾರೇ?"

"ಬಾಳೇಶ ಅಂತ. ಲಗ್ಗೆರೇಲಿ ಚಪ್ಪಲಿ ಹೊಲೀತಾರೆ. ನನಗೆ ಅವರೇ ಬೇಕಮ್ಮ."

ಆ ಕಡೆ ಸದ್ದಿಲ್ಲ. ಸಮಯ ಮುಗಿಯಿತೆಂದು ಫೋನು ಕುಂಯ್‌ಗುಟ್ಟಿತು. ಇನ್ನೊಂದು ನಾಣ್ಯ ಹಾಕಿದಳು.

ಕೊನೆಗೆ ರಾಮಕ್ಕನ ದನಿ ಗಡುಸಾಗಿ ಕೇಳಿತು. "ನಾನಿನ್ನೂ ಒಪ್ಪಿಲ್ಲ, ತಿಳ್ಕೋ. ಬರೋರು ಊಟಕ್ಕೆ ಬರ್ತಾರೋ, ಕಾಫಿಗೋ?"

ವರಲಕ್ಷ್ಮಿ ಫೋನಿಟ್ಟು ಬಂದಾಗ ಬಾಳೇಶ ಅದೇ ಜಾಗದಲ್ಲಿ ನಿಂತಿದ್ದ.

"ಏನಂದ್ರು?"

"ಊಟಕ್ಕೋ, ಕಾಫಿಗೋ ಅಂದ್ರು."

"ನೀವೇನಂದ್ರಿ?"

"ಊಟಕ್ಕೆ ಅಂದೆ."

ಅವನು ತಟ್ಟನೆ ಮುಖ ಆಚೆ ತಿರುಗಿಸಿ, ತೋಳಿನಿಂದ ಕಣ್ಣೊರೆಸಿಕೊಂಡ. ಆಮೇಲೆ ತನ್ನ ಕೈಗಳನ್ನು ನೋಡಿಕೊಂಡ.

"ಈ ಕಪ್ಪು ಎಷ್ಟು ತೊಳೆದ್ರೂ ಹೋಗಂಗಿಲ್ರಿ."

"ಹೋಗ್ದಿದ್ರೆ ಇರಲಿ" ಎಂದಳು ಅವಳು, "ಅನ್ನ ನಾನು ಕಲೆಸಿಕೊಡಲ್ಲ, ಆ ಕೈಲೇ ಉಣ್ಣಬೇಕು."